ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಲೀಗ್ ಮತ್ತು ಅದರ ಕ್ಲಬ್ಬುಗಳು

ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಲೀಗ್ ನಗರದ ಹವ್ಯಾಸಿ ಮತ್ತು ಅರೆವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಆಡುವ ಹಂತವಾರು ಸ್ಪರ್ಧೆ. ಮೇಲಿನ ಹಂತ ಸೂಪರ್ ಡಿವಿಷನ್. ಅದರ ಕೆಳಗೆ ‘ಎ’, ‘ಬಿ’, ‘ಸಿ’ ಡಿವಿಷನ್‌ಗಳಿವೆ. ಜಿಲ್ಲಾ ಫುಟ್‌ಬಾಲ್ ಸಂಸ್ಥೆ (ಬಿಡಿಎಫ್‌ಎ) ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಡಿಯಲ್ಲಿ ಇದನ್ನು ನಡೆಸುತ್ತದೆ. ಪತ್ರಿಕೆಗಳ ಕ್ರೀಡಾ ಪುಟದ ಮೂಲೆಯಲ್ಲಿ ‘ಬಿಡಿಎಫ್‌ಎ ಲೀಗ್’ ಎಂಬ ತಲೆಬರಹದಡಿ ಗೋಲು ಹೊಡೆದವರ ಹೆಸರು, ಹೊಡೆದ ನಿಮಿಷ ಇಷ್ಟನ್ನೇ ಹೇಳುವ ನಾಲ್ಕು ಸಾಲಿನ ಸುದ್ದಿಯಾಗಿ ಓದುಗರಿಗೆ ಇದು ಪರಿಚಿತ. ಆದರೆ ರಾಜ್ಯ ತಂಡದ ಆಟಗಾರರಲ್ಲಿ ಹೆಚ್ಚಿನವರು ಬಂದದ್ದು ಈ ನಾಲ್ಕು ಸಾಲಿನೊಳಗಿಂದಲೇ. ಸಂತೋಷ್ ಟ್ರೋಫಿಯ ಐದು ಗೆಲುವುಗಳು, ಒಲಿಂಪಿಕ್ಸ್ ಆಡಿದ ಹಲವರು, ಕೋಲ್ಕತ್ತದ ದೊಡ್ಡ ಕ್ಲಬ್ಬುಗಳಿಗೆ ಹೋಗಿ ಹೆಸರು ಮಾಡಿದವರು, ಎಲ್ಲರ ಬೇರೂ ಈ ಲೀಗಿನ ಮೈದಾನಗಳಲ್ಲಿದೆ.

ಈ ಲೀಗಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪ್ರಶಸ್ತಿಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಪಟ್ಟಿಗಿಂತ ಮುಖ್ಯವಾದ ಪ್ರಶ್ನೆ ಬೇರೆ: ಆಟಗಾರನ ಅನ್ನದ ದಾರಿ ಯಾವುದಿತ್ತು? ಆ ದಾರಿ ಬದಲಾದಾಗಲೆಲ್ಲ ಲೀಗಿನ ಮೇಲ್ಪಂಕ್ತಿಯಲ್ಲಿದ್ದ ತಂಡಗಳ ಹೆಸರೂ ಬದಲಾಗಿವೆ. ಮೊದಲು ಪಲ್ಟನ್ನುಗಳು, ಆಮೇಲೆ ಬಡಾವಣೆಯ ಕ್ಲಬ್ಬುಗಳು, ಅದರಾಚೆ ಸರ್ಕಾರಿ ಕಾರ್ಖಾನೆಗಳು, ಈಗ ಅಕಾಡೆಮಿಗಳು ಮತ್ತು ಖಾಸಗಿ ಹೂಡಿಕೆಯ ಕ್ಲಬ್ಬುಗಳು. ಆಟಗಾರರನ್ನು ಕೊಟ್ಟ ಕೇರಿಗಳು ಮಾತ್ರ ಬಹುಕಾಲ ಹೆಚ್ಚು ಬದಲಾಗಲಿಲ್ಲ.

ದಂಡಿನ ಆಟ

1809ರ ಹೊತ್ತಿಗೆ ಬ್ರಿಟಿಷರು ಹಲಸೂರಿನ ಸುತ್ತ ದಂಡು ಪ್ರದೇಶವನ್ನು ಕಟ್ಟಿದರು. ಅಲ್ಲಿಂದ ಮುಂದೆ ಬೆಂಗಳೂರು ಎರಡು ಊರಾಗಿ ಬೆಳೆಯಿತು. ಪೇಟೆಯ ಕಡೆ ಗರಡಿ, ಕುಸ್ತಿ, ಕಬಡ್ಡಿ, ಖೊಖೊ ಇದ್ದವು. ದಂಡಿನ ಕಡೆ ಹಾಕಿ, ಫುಟ್‌ಬಾಲ್. ಫುಟ್‌ಬಾಲಿಗೆ ಬೇಕಾದ್ದು ಒಂದು ಚೆಂಡು ಮತ್ತು ಒಂದು ಬಯಲು. ದಂಡಿನಲ್ಲಿ ಬಯಲಿಗೆ ಕೊರತೆ ಇರಲಿಲ್ಲ, ಸಂಜೆ ಬಿಡುವಾದ ಸಿಪಾಯಿಗಳಿಗೂ ಕೊರತೆ ಇರಲಿಲ್ಲ. ಪಲ್ಟನ್ನಿನ ಆಟವನ್ನು ಬೇಲಿಯಾಚೆ ನಿಂತು ನೋಡಿದವರು ದಂಡಿಗೆ ದುಡಿಯಲು ಬಂದು ನೆಲೆಸಿದ್ದ ತಮಿಳರು, ದಖ್ಖನಿ ಮಾತಾಡುವ ಮುಸ್ಲಿಮರು, ಆಂಗ್ಲೋ-ಇಂಡಿಯನ್ ಕುಟುಂಬಗಳು. ಅವರ ಮಕ್ಕಳು ಬರಿಗಾಲಲ್ಲೇ ಆಡಿದರು. ಮಿಷನರಿ ಶಾಲೆಗಳು ಆ ಆಟಕ್ಕೆ ನಿಯಮ ಮತ್ತು ವೇಳಾಪಟ್ಟಿ ಕೊಟ್ಟವು.

ದಂಡು ಪ್ರದೇಶ ಮೈಸೂರು ಸಂಸ್ಥಾನದ ಆಡಳಿತಕ್ಕೆ ಮರಳಿದ್ದು 1947ರ ಜುಲೈನಲ್ಲಿ. ಎರಡೂ ಪುರಸಭೆಗಳು ಸೇರಿ ಒಂದೇ ನಗರಸಭೆಯಾದದ್ದು 1949ರಲ್ಲಿ. ಆಟದ ಭೂಪಟದಲ್ಲಿ ಮಾತ್ರ ಆ ಗಡಿ ಇವತ್ತಿಗೂ ಅಳಿಸಿಲ್ಲ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಹಲಸೂರು, ಶಿವಾಜಿನಗರ, ನೀಲಸಂದ್ರ, ವಿವೇಕನಗರ, ಕಾಕ್ಸ್ ಟೌನ್, ಫ್ರೇಜರ್ ಟೌನ್ ಇವಿಷ್ಟೂ ಲೀಗ್ ಆಟಗಾರರ ವಿಳಾಸದಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಿಂದ ಕ್ರಿಕೆಟಿಗರು ಬಂದಷ್ಟು ಧಾರಾಳವಾಗಿ ಫುಟ್‌ಬಾಲಿಗರು ಬಂದಿಲ್ಲ. ಮೈದಾನದ ಭಾಷೆಯೂ ಅದಕ್ಕೆ ತಕ್ಕಂತೆ ಕಲಸುಮೇಲೋಗರ: ಕರೆಯುವುದು ತಮಿಳಿನಲ್ಲಿ, ಬೈಯುವುದು ದಖ್ಖನಿಯಲ್ಲಿ, ರೆಫ್ರಿ ಜತೆ ವಾದ ಇಂಗ್ಲಿಷಿನಲ್ಲಿ, ಪಂದ್ಯ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಕನ್ನಡ.

ಮುಂಬಯಿಯಿಂದ ತಂದ ಕಪ್ಪು

ಬೆಂಗಳೂರಿನ ಕ್ಲಬ್ ಫುಟ್‌ಬಾಲಿನ ಬಹು ದೊಡ್ಡ ಸಾಧನೆ ನಡೆದದ್ದು ಬೆಂಗಳೂರಿನಲ್ಲಲ್ಲ, ಮುಂಬಯಿಯಲ್ಲಿ. ಬ್ರಿಟಿಷ್ ಭಾರತದ ಮೂರು ಹಿರಿಯ ಟೂರ್ನಿಗಳು ಡುರಾಂಡ್, ಐಎಫ್‌ಎ ಶೀಲ್ಡ್ ಮತ್ತು ರೋವರ್ಸ್ ಕಪ್. ಮೂರನ್ನೂ ಬಹುಕಾಲ ಗೋರಾ ಪಲ್ಟನ್ನುಗಳೇ ಹಂಚಿಕೊಳ್ಳುತ್ತಿದ್ದವು. 1911ರಲ್ಲಿ ಮೋಹನ್ ಬಾಗಾನ್ ಶೀಲ್ಡ್ ಗೆದ್ದ ಕತೆ ದೇಶಕ್ಕೆಲ್ಲ ಗೊತ್ತು. 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಡುರಾಂಡ್ ಗೆದ್ದದ್ದೂ ಪುಸ್ತಕಗಳಲ್ಲಿದೆ. ಇವೆರಡರ ನಡುವೆ, 1937ರಲ್ಲಿ, ರೋವರ್ಸ್ ಕಪ್ಪನ್ನು ಮೊದಲ ಬಾರಿ ಭಾರತೀಯ ನಾಗರಿಕ ತಂಡವೊಂದು ಎತ್ತಿತು. ಆ ತಂಡ ಬೆಂಗಳೂರು ಮುಸ್ಲಿಮ್ಸ್. 1891ರಲ್ಲಿ ಶುರುವಾದ ಟೂರ್ನಿಯಲ್ಲಿ ಅದುವರೆಗೆ ಇಂಥ ತಂಡ ಗೆದ್ದಿರಲಿಲ್ಲ. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೆ ಬಂದು ಸೋತಿತ್ತು. ಬೆಂಗಳೂರಿನವರು ಮರುವರ್ಷವೂ ಬಂದು 1938ರ ಕಪ್ಪನ್ನೂ ಒಯ್ದರು. 1940ರ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಎದುರು ಸೋತರು. 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಮೂರನೇ ಸಲ ಗೆದ್ದರು.

1911ರ ಹನ್ನೊಂದು ಮಂದಿಗೆ ಕೋಲ್ಕತ್ತದಲ್ಲಿ ಪ್ರತಿಮೆ, ಸಿನಿಮಾ, ಅಂಚೆಚೀಟಿ ಎಲ್ಲ ಸಿಕ್ಕಿದೆ. 1937ರ ತಂಡಕ್ಕೆ ಬೆಂಗಳೂರಿನಲ್ಲಿ ಒಂದು ರಸ್ತೆಯ ಹೆಸರೂ ದಕ್ಕಿಲ್ಲವೆಂದರೆ ನಮ್ಮ ಊರಿನ ಕ್ರೀಡಾ ನೆನಪು ಎಷ್ಟು ತೆಳುವೆಂಬುದು ತಿಳಿಯುತ್ತದೆ. ಬೆಂಗಳೂರು ಬ್ಲೂಸ್, ಬೆಂಗಳೂರು ಕ್ರೆಸೆಂಟ್ಸ್ ಅದೇ ಕಾಲದ ಇತರ ಪ್ರಮುಖ ಕ್ಲಬ್ಬುಗಳು. ಇವು ಯಾವುವೂ ಸಂಬಳ ಕೊಟ್ಟು ಆಟಗಾರರನ್ನು ಸಾಕುವ ಸ್ಥಿತಿಯಲ್ಲಿರಲಿಲ್ಲ. ಹೀಗಾಗಿ ಚೆನ್ನಾಗಿ ಆಡುವವನಿಗೆ ಕೋಲ್ಕತ್ತದಿಂದ ಕರೆ ಬಂದರೆ ತಡೆಯುವ ಮಾತೇ ಇರಲಿಲ್ಲ.

ಮೈಸೂರು ತಂಡ ಮತ್ತು ಒಲಿಂಪಿಕ್ಸ್

ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. 1946-47ರಲ್ಲಿ ಇಂದಿನ ಕರ್ನಾಟಕ ತಂಡದ ಪೂರ್ವರೂಪವಾದ ಮೈಸೂರು ಅದನ್ನು ಗೆದ್ದಿತು. ಅದುವರೆಗೆ ಬಂಗಾಳ ಮತ್ತು ದೆಹಲಿ ಬಿಟ್ಟರೆ ಬೇರೆ ಯಾರೂ ಗೆದ್ದಿರಲಿಲ್ಲ. 1952-53ರಲ್ಲಿ ಮತ್ತೆ ಗೆದ್ದಿತು, 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು. ನಾಲ್ಕರಲ್ಲಿ ಮೂರು ಗೆಲುವು ಬೆಂಗಳೂರಿನ ಪ್ರೇಕ್ಷಕರ ಮುಂದೆ. 1967-68ರದ್ದು ಮಾತ್ರ ಕಟಕ್‌ನಲ್ಲಿ. ಹೆಸರಿಗೆ ಮೈಸೂರು, ಒಳಗಿದ್ದವರು ಬಹುತೇಕ ಬೆಂಗಳೂರು ಲೀಗಿನವರು.

1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ಮೈಸೂರಿನ ಆಟಗಾರರ ದೊಡ್ಡ ಗುಂಪೇ ಇತ್ತು. ಆ ವರ್ಷ ಜುಲೈ 31ರಂದು ಇಲ್ಫರ್ಡ್‌ನ ಮೈದಾನದಲ್ಲಿ ಭಾರತ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಅದು. ಆ ತಂಡದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. ಅವರು ಆಮೇಲೆ ಈಸ್ಟ್ ಬೆಂಗಾಲ್‌ಗೆ ಹೋದರು. ಅಲ್ಲಿನ ಐವರು ಫಾರ್ವರ್ಡ್‌ಗಳ ಸಾಲನ್ನು ಬಂಗಾಳದವರು ‘ಪಂಚಪಾಂಡವರು’ ಎಂದು ಕರೆದರು. ಅಹ್ಮದ್ ಖಾನ್ ಅವರಲ್ಲೊಬ್ಬರು. ಬರಿಗಾಲಲ್ಲಿ ಚೆಂಡನ್ನು ಅಂಟಿಸಿಕೊಂಡಂತೆ ಒಯ್ಯುತ್ತಿದ್ದ ಅವರ ಡ್ರಿಬ್ಲಿಂಗ್ ಬಗ್ಗೆ ಕೋಲ್ಕತ್ತದ ಹಳಬರು ಹೇಳುವಷ್ಟನ್ನು ಬೆಂಗಳೂರಿನ ಹೊಸಬರು ಕೇಳಿಯೂ ಇರಲಾರರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಆ ತಂಡದಲ್ಲಿ ಮೈಸೂರಿನ ಕೆಂಪಯ್ಯ ಇದ್ದರು. ಅವರೂ ಮೋಹನ್ ಬಾಗಾನ್ ಪಾಲಾದವರೇ.

ಕೋಲ್ಕತ್ತಕ್ಕೆ ಹೋಗುವ ಈ ಸಾಲು ನಿಂತಿಲ್ಲ. ಎಂಬತ್ತು-ತೊಂಬತ್ತರ ದಶಕದಲ್ಲಿ ಇಲ್ಯಾಸ್ ಪಾಷಾ ಈಸ್ಟ್ ಬೆಂಗಾಲ್‌ನ ರಕ್ಷಣಾ ಪಂಕ್ತಿಯಲ್ಲಿ ನಿಂತು ನಾಯಕರಾದರು. ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿದ ಕಾರ್ಲ್‌ಟನ್ ಚಾಪ್‌ಮನ್ ಈಸ್ಟ್ ಬೆಂಗಾಲ್ ಮತ್ತು ಜೆಸಿಟಿಗಳಿಗೆ ಆಡಿ ಭಾರತ ತಂಡದ ನಾಯಕತ್ವ ವಹಿಸಿದರು. 2020ರ ಅಕ್ಟೋಬರ್‌ನಲ್ಲಿ 49ನೇ ವಯಸ್ಸಿಗೇ ತೀರಿಕೊಂಡಾಗ ಚಾಪ್‌ಮನ್ ಅವರಿಗೆ ಮೊದಲು ಕಣ್ಣೀರಿಟ್ಟವರು ಕೋಲ್ಕತ್ತದ ಅಭಿಮಾನಿಗಳು.

ಕಾರ್ಖಾನೆಯ ತಂಡಗಳು

1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಹದಿನೈದು ವರ್ಷದೊಳಗೆ ಬೆಂಗಳೂರಿನ ಪೂರ್ವ ಮತ್ತು ಉತ್ತರದಲ್ಲಿ ಸರ್ಕಾರಿ ಕಾರ್ಖಾನೆಗಳು ಸಾಲುಗಟ್ಟಿ ಎದ್ದವು. ಇವುಗಳ ಜತೆಗೆ ರಕ್ಷಣಾ ಸಂಶೋಧನೆಯ ಎಲ್‌ಆರ್‌ಡಿಇ, ಎಡಿಇ, ಮಿಲಿಟರಿ ಸಾಮಗ್ರಿ ತಪಾಸಣೆಯ ಸಿಐಎಲ್, ಮಹಾಲೇಖಪಾಲರ ಕಚೇರಿಯ ಎಜಿಒಆರ್‌ಸಿ, ಯಲಹಂಕದ ರೈಲು ಗಾಲಿ ಕಾರ್ಖಾನೆ, ಬ್ಯಾಂಕುಗಳು, ಅಂಚೆ ಇಲಾಖೆ, ಇನ್ನೊಂದೆಡೆ ಸೇನೆಯ ಎಂಇಜಿ ಮತ್ತು ಎಎಸ್‌ಸಿ ಕೇಂದ್ರಗಳು. ಲೀಗಿನ ಮೇಲ್ಪಂಕ್ತಿ ಹಲವು ದಶಕ ಈ ಹೆಸರುಗಳದ್ದೇ ಆಗಿತ್ತು.

ಈ ವ್ಯವಸ್ಥೆ ಸರಳವಾಗಿತ್ತು. ಹದಿನೆಂಟು ದಾಟಿದ ಹುಡುಗ ‘ಬಿ’ ಅಥವಾ ‘ಎ’ ಡಿವಿಷನ್ನಿನ ಬಡಾವಣೆ ಕ್ಲಬ್ಬಿಗೆ ಆಡಿ ಕಣ್ಣಿಗೆ ಬೀಳುತ್ತಿದ್ದ. ಯಾವುದೋ ಕಾರ್ಖಾನೆಯ ತಂಡದ ಮ್ಯಾನೇಜರು ಗ್ಯಾಲರಿಯಲ್ಲಿ ಕೂತು ನೋಡುತ್ತಿದ್ದ. ಟ್ರಯಲ್ಸ್‌ಗೆ ಕರೆ ಬರುತ್ತಿತ್ತು. ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಕೆಲಸ: ಹೆಲ್ಪರ್, ಗುಮಾಸ್ತ, ಎಲ್ಲೋ ಸ್ಟೋರ್ಸ್‌ನಲ್ಲಿ ಒಂದು ಕುರ್ಚಿ. ಅಭ್ಯಾಸಕ್ಕೆ ಬೇಗ ಬಿಡುತ್ತಿದ್ದರು, ಟೂರ್ನಿಗೆ ಹೋದರೆ ಆನ್ ಡ್ಯೂಟಿ. ಕಾಲು ನೋಯಿಸಿಕೊಂಡರೆ ಕಂಪನಿ ಆಸ್ಪತ್ರೆ. ಮೂವತ್ತೈದಕ್ಕೆ ಬೂಟು ಬಿಚ್ಚಿಟ್ಟರೂ ನಿವೃತ್ತಿಯವರೆಗೆ ಸಂಬಳ, ಆಮೇಲೆ ಪಿಂಚಣಿ. ಆಸ್ಟಿನ್ ಟೌನಿನ ತಾಯಂದಿರು ಮಗ ಬಿಸಿಲಲ್ಲಿ ಚೆಂಡು ಒದೆಯುವುದನ್ನು ಸಹಿಸಿದ್ದಕ್ಕೆ ಕಾರಣ ಫುಟ್‌ಬಾಲ್ ಪ್ರೇಮವಲ್ಲ, ಈ ಲೆಕ್ಕಾಚಾರ. ಒಲಿಂಪಿಕ್ಸ್ ಆದರ್ಶದ ಅರ್ಥದಲ್ಲಿ ಇದು ‘ಹವ್ಯಾಸಿ’ ಆಟವೇ ಅಲ್ಲ ಎಂದು ವಾದಿಸಬಹುದು. ಆದರೆ ಭಾರತದ ಹವ್ಯಾಸಿ ಫುಟ್‌ಬಾಲ್ ಉಸಿರಾಡಿದ್ದೇ ಈ ಏರ್ಪಾಟಿನಿಂದ.

ಈ ಕಾಲದ ಶಿಖರ ಐಟಿಐ. 1977ರಲ್ಲಿ ಫೆಡರೇಷನ್ ಕಪ್ ಮೊದಲ ಬಾರಿ ಎರ್ನಾಕುಲಂನಲ್ಲಿ ನಡೆದಾಗ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯ ತಂಡ ಫೈನಲ್‌ನಲ್ಲಿ ಮೋಹನ್ ಬಾಗಾನನ್ನು 1-0ರಿಂದ ಸೋಲಿಸಿತು. ಅದೇ ವರ್ಷ ಮೋಹನ್ ಬಾಗಾನ್ ಶೀಲ್ಡ್, ರೋವರ್ಸ್, ಡುರಾಂಡ್ ಮೂರನ್ನೂ ಗೆದ್ದಿತು, ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮೋಸ್ ಜತೆ 2-2 ಡ್ರಾ ಮಾಡಿಕೊಂಡಿತು. ಅಂಥ ತಂಡಕ್ಕೆ ಆ ವರ್ಷ ಕೈತಪ್ಪಿದ ದೊಡ್ಡ ಕಪ್ಪು ಬೆಂಗಳೂರಿನ ಕಾರ್ಮಿಕರ ಕೈಯಲ್ಲಿತ್ತು.

ಕೊನೆಯ ದೊಡ್ಡ ಕಾರ್ಖಾನೆ ತಂಡ ಎಚ್‌ಎಎಲ್. ರಾಷ್ಟ್ರೀಯ ಲೀಗಿನಲ್ಲೂ ಆಮೇಲೆ ಐ-ಲೀಗಿನಲ್ಲೂ ಅದು ಆಡಿತು. ಉಳಿದ ತಂಡಗಳು ಆಫ್ರಿಕಾ, ಬ್ರೆಜಿಲ್‌ಗಳಿಂದ ಫಾರ್ವರ್ಡ್‌ಗಳನ್ನು ತರುತ್ತಿದ್ದಾಗ ಎಚ್‌ಎಎಲ್ ವಿದೇಶಿಯರಿಲ್ಲದೆ, ತನ್ನ ನೌಕರರು ಮತ್ತು ಸ್ಥಳೀಯ ಹುಡುಗರನ್ನೇ ಇಟ್ಟುಕೊಂಡು ಮೈದಾನಕ್ಕಿಳಿಯಿತು. 2011-12ರ ಐ-ಲೀಗಿನಲ್ಲಿ ಕೊನೆಯ ಸ್ಥಾನಕ್ಕೆ ಇಳಿದು ಹೊರಬಿತ್ತು. ಫಲಿತಾಂಶ ಅನಿರೀಕ್ಷಿತವಾಗಿರಲಿಲ್ಲ. ಆ ಹೊತ್ತಿಗಾಗಲೇ ಸಾರ್ವಜನಿಕ ಉದ್ದಿಮೆಗಳಲ್ಲಿ ಕ್ರೀಡಾ ನೇಮಕಾತಿ ಬತ್ತಿಹೋಗಿತ್ತು. ಐಟಿಐ ಸ್ವತಃ ಮೊಬೈಲ್ ಯುಗದ ಹೊಡೆತಕ್ಕೆ ನಲುಗಿತ್ತು. ಎಚ್‌ಎಂಟಿ ಗಡಿಯಾರ ನಿಂತೇ ಹೋಯಿತು. ಹೊಸ ನೇಮಕವಿಲ್ಲದ ತಂಡಕ್ಕೆ ಪ್ರತಿವರ್ಷ ಒಂದು ವರ್ಷ ವಯಸ್ಸಾಗುತ್ತದೆ. ಒಂದೊಂದಾಗಿ ಇಲಾಖೆಗಳು ತಂಡವನ್ನು ಕೆಳ ಡಿವಿಷನ್‌ಗೆ ಬಿಟ್ಟುಕೊಟ್ಟವು, ಕೆಲವು ಲೀಗಿನಿಂದಲೇ ಹೊರಟವು.

ಬಡಾವಣೆಯ ಕ್ಲಬ್ಬುಗಳು ಮತ್ತು ಮೈದಾನಗಳು

ಇಲಾಖೆಗಳ ಕೆಳಗೆ, ಅವುಗಳಿಗೆ ಆಟಗಾರರನ್ನು ಉಣಿಸುತ್ತ ಬದುಕಿದ್ದು ಬಡಾವಣೆಯ ಕ್ಲಬ್ಬುಗಳು. ಸ್ಟೂಡೆಂಟ್ಸ್ ಯೂನಿಯನ್, ಜವಾಹರ್ ಯೂನಿಯನ್, ರೆಬೆಲ್ಸ್, ಬೆಂಗಳೂರು ಈಗಲ್ಸ್, ಯಂಗ್ ಚಾಲೆಂಜರ್ಸ್, ಬೆಂಗಳೂರು ಇಂಡಿಪೆಂಡೆಂಟ್ಸ್ ಮುಂತಾದ ಹೆಸರುಗಳು ಡಿವಿಷನ್ ಪಟ್ಟಿಗಳಲ್ಲಿ ಏರುತ್ತ ಇಳಿಯುತ್ತ ಕಾಣುತ್ತವೆ. ಇಂಥ ಕ್ಲಬ್ಬಿಗೆ ಸಾಮಾನ್ಯವಾಗಿ ಕಚೇರಿಯೆಂಬುದು ಇರುವುದಿಲ್ಲ, ಕಾರ್ಯದರ್ಶಿಯ ಮನೆಯೇ ಕಚೇರಿ. ಜರ್ಸಿಗಳ ಗಂಟು ಅವನ ಅಟ್ಟದ ಮೇಲಿರುತ್ತದೆ, ನೋಂದಣಿ ಪುಸ್ತಕ ಅವನ ಬೀರುವಿನಲ್ಲಿ. ಹಿಂದೆ ಇಲಾಖೆ ತಂಡದಲ್ಲಿ ಆಡಿ ನಿವೃತ್ತನಾದವನು ತರಬೇತುದಾರ, ಬಹುಪಾಲು ಸಂಬಳವಿಲ್ಲದೆ. ಲೀಗ್ ಶುರುವಾಗುವ ಮುನ್ನ ಟ್ರಾನ್ಸ್‌ಫರ್ ದಿನಗಳಲ್ಲಿ ಕಾರ್ಯದರ್ಶಿಗಳಿಗೆ ನಿದ್ದೆ ಇರುವುದಿಲ್ಲ. ಹಳೆಯ ಕ್ಲಬ್ಬು ಬಿಡುಗಡೆ ಪತ್ರ ಕೊಡಬೇಕು, ಹೊಸ ಕ್ಲಬ್ಬಿನ ಫಾರಂಗೆ ಹುಡುಗ ಸಹಿ ಹಾಕಬೇಕು. ಒಂದು ಜೊತೆ ಹೊಸ ಬೂಟಿಗೆ, ಪಂದ್ಯಕ್ಕಿಷ್ಟು ಎಂಬ ಭತ್ಯೆಗೆ ಒಳ್ಳೆಯ ಫಾರ್ವರ್ಡ್ ಗೇಟು ದಾಟುವ ಕಾಲ ಅದು.

ಕೇರಿಯ ಮೈದಾನಗಳೆಂದರೆ ಕೆಮ್ಮಣ್ಣಿನ ಬಯಲು. ಹುಲ್ಲು ಇದ್ದರೂ ಅಂಚಿನಲ್ಲಿ ಮಾತ್ರ. ಆಸ್ಟಿನ್ ಟೌನ್, ಗೌತಮಪುರ, ಹಲಸೂರು ಕೆರೆ ಬಳಿಯ ಆರ್‌ಬಿಎಎನ್‌ಎಂಎಸ್ ಮೈದಾನ, ಹೊಸೂರು ರಸ್ತೆಯ ಸಲಿವನ್ ಪೊಲೀಸ್ ಮೈದಾನ ಇಂಥವು. ಸಂಜೆ ನಾಲ್ಕಕ್ಕೆ ಹತ್ತು ವರ್ಷದವರು ಚಪ್ಪಲಿಗಳನ್ನು ಗೋಲ್‌ಪೋಸ್ಟ್ ಮಾಡಿಕೊಂಡು ಶುರು ಮಾಡುತ್ತಾರೆ. ಐದಕ್ಕೆ ಅಣ್ಣಂದಿರು ಬಂದರೆ ಬದಿಗೆ ಸರಿಯಬೇಕು. ಬೆಳಕು ಕುಂದುವ ಹೊತ್ತಿಗೆ ಲೀಗ್ ಆಟಗಾರರು ಬರುತ್ತಾರೆ; ಆಗ ಚಿಕ್ಕವರಿಗೆ ಗೋಡೆಯ ಮೇಲೆ ಕೂತು ಹೊರಗೆ ಹೋದ ಚೆಂಡು ತಂದುಕೊಡುವ ಕೆಲಸ. ತರಬೇತಿಯ ಶಾಸ್ತ್ರವೇನೂ ಇಲ್ಲದ ಈ ಪದ್ಧತಿಯಲ್ಲಿ ಒಂದು ಗುಣ ಹುಟ್ಟುತ್ತದೆ: ಉಬ್ಬುತಗ್ಗಿನ ನೆಲದಲ್ಲಿ ಚೆಂಡು ಎಲ್ಲಿಗೆ ನೆಗೆಯುತ್ತದೋ ಎಂಬ ಎಚ್ಚರ, ಚಿಕ್ಕ ಜಾಗದಲ್ಲಿ ತಿರುಗುವ ಚುರುಕು. ಬೆಂಗಳೂರಿನ ಆಟಗಾರನನ್ನು ಕೋಲ್ಕತ್ತದವರು ಗುರುತಿಸುತ್ತಿದ್ದದ್ದು ಅದರಿಂದಲೇ. ಗೌತಮಪುರದ ಜನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ, ಅಂಬೇಡ್ಕರ್ ಮತ್ತು ಬುದ್ಧರ ಸಾಲಿನಲ್ಲಿ. ವಿಶ್ವಕಪ್ ಬಂದರೆ ಅಲ್ಲಿನ ಗಲ್ಲಿಗಳು ಹಳದಿ-ಹಸಿರಾಗುತ್ತವೆ.

ಕೋಲಾರದ ಚಿನ್ನದ ಗಣಿಯನ್ನೂ ಈ ಭೂಪಟಕ್ಕೆ ಸೇರಿಸಬೇಕು. ಗಣಿಯ ಇಂಗ್ಲಿಷ್ ಅಧಿಕಾರಿಗಳು ತಂದ ಆಟ ತಮಿಳು ಕಾರ್ಮಿಕರ ಲೈನುಗಳಲ್ಲಿ ಬೇರೂರಿತು. ಗಣಿ ಮುಚ್ಚುವ ಮುಂಚಿನಿಂದಲೂ ಅಲ್ಲಿನ ಹುಡುಗರು ಬೆಳಗಿನ ರೈಲು ಹಿಡಿದು ಬೆಂಗಳೂರು ಲೀಗಿಗೆ ಬರುತ್ತಿದ್ದರು. ಮಂಗಳೂರಿನ ನೆಹರೂ ಮೈದಾನ, ಬೆಳಗಾವಿಯ ಕ್ಯಾಂಪ್ ಪ್ರದೇಶಗಳಿಗೆ ತಮ್ಮದೇ ಫುಟ್‌ಬಾಲ್ ಪರಂಪರೆ ಇದೆ. ಆದರೆ ಆ ಜಿಲ್ಲೆಗಳಲ್ಲಿ ಬೆಂಗಳೂರಿನಷ್ಟು ಮೆಟ್ಟಿಲುಗಳ ಲೀಗ್ ಬೆಳೆಯಲಿಲ್ಲ. ಅಲ್ಲಿನ ಪ್ರತಿಭೆಗೂ ಬೆಂಗಳೂರೇ ದಾರಿ.

ಅಶೋಕನಗರದ ಕ್ರೀಡಾಂಗಣ

ಲೀಗಿನ ಮುಖ್ಯ ಅಂಕಣ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ಎಂಟು ಸಾವಿರದಷ್ಟು ಜನ ಹಿಡಿಯುವ ಸಾಧಾರಣ ಕಟ್ಟಡ, ಸುತ್ತ ಕಾಂಕ್ರೀಟ್ ಮೆಟ್ಟಿಲಿನ ಗ್ಯಾಲರಿ. 2010ರ ದಶಕದ ಆರಂಭದಲ್ಲಿ ಫಿಫಾದ ‘ಗೋಲ್’ ಯೋಜನೆಯ ನೆರವಿನಿಂದ ಇಲ್ಲಿಗೆ ಕೃತಕ ಹುಲ್ಲು ಬಂತು. ಮಳೆಗಾಲದಲ್ಲಿ ಪಂದ್ಯ ಮುಂದೂಡುವ ರಗಳೆ ತಪ್ಪಿತು, ದಿನಕ್ಕೆ ಒಂದಕ್ಕಿಂತ ಹೆಚ್ಚು ಪಂದ್ಯ ಆಡಿಸಲು ಸಾಧ್ಯವಾಯಿತು. ಆದರೆ ಮಧ್ಯಾಹ್ನದ ಪಂದ್ಯ ಆಡುವವರಿಗೆ ನೆಲ ಕಾದ ಕಾವಲಿ. ವಿರಾಮದಲ್ಲಿ ಬೂಟಿನ ಮೇಲೇ ನೀರು ಸುರಿದುಕೊಳ್ಳುವುದು ಇಲ್ಲಿನ ಮಾಮೂಲಿ ದೃಶ್ಯ. ಜಾರಿ ಬಿದ್ದರೆ ಮಂಡಿಯ ಚರ್ಮ ಸುಲಿಯುತ್ತದೆ.

ವಾರದ ದಿನದ ಪಂದ್ಯಕ್ಕೆ ಬರುವವರನ್ನು ಬೆರಳೆಣಿಕೆಯಲ್ಲಿ ಗುರುತಿಸಬಹುದು: ಮುಂದಿನ ಪಂದ್ಯದ ಆಟಗಾರರು, ಅವರ ಸ್ನೇಹಿತರು, ಮತ್ತು ನೆರಳು ಬೀಳುವ ಕಡೆಯೇ ಕೂರುವ ಪಿಂಚಣಿದಾರರು. ಈ ಮೂರನೆಯವರು ಒಂದು ಕಾಲದ ಐಟಿಐ, ಎಲ್‌ಆರ್‌ಡಿಇ, ಸಿಐಎಲ್ ಆಟಗಾರರು. ಅಂಕಣದಲ್ಲಿ ನಡೆಯುವುದಕ್ಕಿಂತ ಅವರ ಟೀಕೆ ಹೆಚ್ಚು ರಂಜನೀಯವಾಗಿರುತ್ತದೆ ಎಂಬುದು ಅಲ್ಲಿಗೆ ಹೋಗುವ ವರದಿಗಾರರೆಲ್ಲ ಒಪ್ಪುವ ಮಾತು.

2013ರ ನಂತರ

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಸೆಪ್ಟೆಂಬರ್ 22ರಂದು ಇದೇ ಅಶೋಕನಗರದ ಅಂಕಣದಲ್ಲಿ ಮೋಹನ್ ಬಾಗಾನ್ ಜತೆ 1-1 ಡ್ರಾ ಮಾಡಿಕೊಂಡು ಐ-ಲೀಗ್ ಪಯಣ ಆರಂಭಿಸಿತು, ಮೊದಲ ವರ್ಷವೇ ಪ್ರಶಸ್ತಿ ಗೆದ್ದಿತು. ಪಶ್ಚಿಮದ ಗ್ಯಾಲರಿಯಲ್ಲಿ ಹಾಡು ಹೇಳುತ್ತ ನಿಂತವರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಆದರು. ಕ್ಲಬ್ಬು ಕಂಠೀರವಕ್ಕೆ ವಾಸ ಬದಲಿಸಿದರೂ ಅಭಿಮಾನಿಗಳ ಹೆಸರು ಉಳಿಯಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ತಂಡವೂ ಇದೇ. ಈ ಕ್ಲಬ್ಬು ಜಿಲ್ಲಾ ಲೀಗಿನಿಂದ ಮೇಲೆದ್ದು ಬಂದದ್ದಲ್ಲ. ಅದು ನೇರ ಮೇಲ್ಮಹಡಿಗೆ ಬಂದು, ಆಮೇಲೆ ತನ್ನ ಮೀಸಲು ತಂಡವನ್ನು ಕೆಳಗಿನ ಸೂಪರ್ ಡಿವಿಷನ್‌ಗೆ ಕಳಿಸಿತು. ಹಾಗೆ ಬಂದ ಹದಿಹರೆಯದವರ ಎದುರು ಹಳೆಯ ಇಲಾಖೆ ತಂಡಗಳ ಓಟ ಸಾಲಲಿಲ್ಲ.

ದಾರಿ ತೋರಿದ ಮೇಲೆ ಉಳಿದವರೂ ಬಂದರು. ಸೌತ್ ಯುನೈಟೆಡ್, ಓಜೋನ್, ಕಿಕ್‌ಸ್ಟಾರ್ಟ್, ಎಫ್‌ಸಿ ಬೆಂಗಳೂರು ಯುನೈಟೆಡ್, ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು, ಕೊಡಗು ಎಫ್‌ಸಿ ಇವೆಲ್ಲ ಹೊಸ ತಲೆಮಾರಿನ ಹೆಸರುಗಳು. ಬೆಂಗಳೂರು ಯುನೈಟೆಡ್ 2021ರ ಡುರಾಂಡ್ ಕಪ್‌ನಲ್ಲಿ ಸೆಮಿಫೈನಲ್‌ವರೆಗೆ ಹೋಯಿತು. ಸ್ಪೇನಿನ ಸೆವಿಯಾ ಕ್ಲಬ್ಬಿನ ಜತೆ ಒಪ್ಪಂದವನ್ನೂ ಮಾಡಿಕೊಂಡಿತು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರ ಐ-ಲೀಗ್ 2 ಗೆದ್ದು ಐ-ಲೀಗಿಗೆ ಬಡ್ತಿ ಪಡೆಯಿತು, ಆದರೆ ಅಲ್ಲಿ ಕೊನೆಯ ಸ್ಥಾನಗಳಲ್ಲೇ ಉಳಿಯಿತು. ಜಿಲ್ಲಾ ಲೀಗಿನಲ್ಲಿ ಗೆಲ್ಲುವ ತಂಡಕ್ಕೂ ರಾಷ್ಟ್ರೀಯ ಲೀಗಿನಲ್ಲಿ ನಿಲ್ಲುವ ತಂಡಕ್ಕೂ ನಡುವೆ ಹಣದ ಕಂದಕ ಎಷ್ಟಿದೆಯೆಂದು ಅಳೆಯಲು ಇಷ್ಟು ಸಾಕು.

ಹೊಸ ಕ್ಲಬ್ಬುಗಳ ಆದಾಯದ ಒಂದು ಮೂಲ ಶುಲ್ಕ ಕಟ್ಟುವ ಮಕ್ಕಳ ಅಕಾಡೆಮಿ. ಇದರಿಂದ ಸರ್ಜಾಪುರ, ವೈಟ್‌ಫೀಲ್ಡ್‌ಗಳ ಅಪಾರ್ಟ್‌ಮೆಂಟಿನ ಮಕ್ಕಳು ಆಟಕ್ಕೆ ಬಂದಿದ್ದಾರೆ, ತರಬೇತಿಯ ಮಟ್ಟವೂ ಏರಿದೆ. ನಗರದ ಎಲ್ಲೆಡೆ ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ‘ಟರ್ಫ್’ಗಳು ಬಂದಿವೆ. ಗೌತಮಪುರದ ಹುಡುಗನಿಗೆ ಮಾತ್ರ ಲೆಕ್ಕ ಬೇರೆ. ಮೊದಲು ಅವನು ಆಡಿದರೆ ಕಾರ್ಖಾನೆ ಅವನಿಗೆ ಸಂಬಳ ಕೊಡುತ್ತಿತ್ತು. ಈಗ ಕ್ಲಬ್ಬಿನ ಒಂದು ವರ್ಷದ ಕರಾರು ಸಿಕ್ಕರೆ ಪುಣ್ಯ, ಅದು ಮುಗಿದ ಮೇಲೆ ಮಣಿಪುರ, ಮಿಜೋರಂ, ಕೇರಳದಿಂದ ಬಂದವರ ಜತೆ ಮತ್ತೆ ಟ್ರಯಲ್ಸ್ ಸಾಲಿನಲ್ಲಿ ನಿಲ್ಲಬೇಕು. ಆಟದ ಗುಣಮಟ್ಟ ಇದರಿಂದ ಹೆಚ್ಚಿತು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆಟದ ಭರವಸೆ ಕಡಿಮೆಯಾಯಿತು ಎನ್ನುವವರ ಮಾತಿನಲ್ಲೂ ಇದೆ. ಈ ಲೇಖಕನಿಗೆ ಎರಡನೆಯದೇ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಇದರ ನಡುವೆಯೂ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ನಂತರದ ಮೊದಲ ಗೆಲುವು ಅದು, ‘ಕರ್ನಾಟಕ’ ಎಂಬ ಹೆಸರಿನಲ್ಲಿ ಮೊದಲನೆಯದೇ. ಸುನಿಲ್ ಕುಮಾರ್, ಬೇಕೆ ಒರಾಂ, ರಾಬಿನ್ ಯಾದವ್ ಗೋಲು ಹೊಡೆದವರು. ಹೆಸರುಗಳನ್ನು ನೋಡಿದರೆ ಸಾಕು, ರಾಜ್ಯ ತಂಡದ ಮುಖ ಅಹ್ಮದ್ ಖಾನ್ ಕಾಲದಿಂದ ಎಷ್ಟು ಬದಲಾಗಿದೆಯೆಂದು ತಿಳಿಯುತ್ತದೆ. ಬೆಂಗಳೂರಿನ ಕ್ಲಬ್ಬುಗಳಿಗೆ ಆಡಲು ಬೇರೆ ರಾಜ್ಯಗಳಿಂದ ಬಂದವರೂ ಇಂದು ಕರ್ನಾಟಕದ ಆಟಗಾರರು.

ಮುಂಬಯಿ–ಥಾಣೆಯ ಪಕ್ಕದಲ್ಲಿಟ್ಟು ನೋಡಿದರೆ

ಮುಂಬಯಿಯ ಸ್ಥಿತಿಯೊಂದಿಗೆ ಹೋಲಿಸಿದರೆ ಬೆಂಗಳೂರು ಲೀಗಿನ ಒಂದು ಅನುಕೂಲ ಎದ್ದು ಕಾಣುತ್ತದೆ. ಅಲ್ಲಿ 1902ರಷ್ಟು ಹಿಂದೆಯೇ ಲೀಗ್ ಆರಂಭವಾಯಿತು, 1911ರಲ್ಲಿ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಸಂಸ್ಥೆ ಹುಟ್ಟಿತು. ಗಿರಣಿ, ಬ್ಯಾಂಕು, ರೈಲ್ವೆ, ಏರ್ ಇಂಡಿಯಾ, ಮಹೀಂದ್ರ ತಂಡಗಳು ಮೆರೆದವು. ಮುಂಬಯಿ ಕನ್ನಡಿಗರ ಕರ್ನಾಟಕ್ ಸ್ಪೋರ್ಟಿಂಗ್ ಅಸೋಸಿಯೇಷನ್ ಕೂಡ ಆ ಲೀಗಿನಲ್ಲಿ ಹೆಸರಾದ ಕ್ಲಬ್ಬು. ಆದರೆ ಮುಂಬಯಿಯ ಜನ ಬೆಳೆದದ್ದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕಡೆಗೆ. ಫುಟ್‌ಬಾಲಿನ ಹೃದಯ ಮಾತ್ರ ದಕ್ಷಿಣ ತುದಿಯ ಕೂಪರೇಜ್‌ನಲ್ಲೇ ಉಳಿಯಿತು. ಥಾಣೆ ಬೇರೆ ಜಿಲ್ಲೆ, ಅದರ ಸಂಘಟನೆಯೂ ಬೇರೆ. ಡೊಂಬಿವಲಿಯ ಹುಡುಗ ದೊಡ್ಡ ಲೀಗ್ ಆಡಬೇಕೆಂದರೆ ಕಿಟ್ ಬ್ಯಾಗ್ ತಲೆಯ ಮೇಲಿಟ್ಟುಕೊಂಡು ಸೆಂಟ್ರಲ್ ಲೈನಿನ ಲೋಕಲ್‌ನಲ್ಲಿ ಒಂದು ಗಂಟೆಗೂ ಮಿಕ್ಕಿ ನಿಲ್ಲಬೇಕು. ಅದೇ ಪ್ರದೇಶದ ಅಂಬರನಾಥದಿಂದ ಬಂದ ಅಂಬರನಾಥ ಯುನೈಟೆಡ್ ಅಟ್ಲಾಂಟಾ ರಾಷ್ಟ್ರೀಯ ಲೀಗಿನ ಕೆಳ ಹಂತಗಳವರೆಗೆ ಏರಿರುವುದು ಆ ಭಾಗದಲ್ಲಿ ಆಟಗಾರರಿಗೆ ಬರವಿಲ್ಲ ಎಂಬುದಕ್ಕೆ ಸಾಕ್ಷಿ. ನವಿ ಮುಂಬಯಿಗೆ 2008ರಲ್ಲಿ ಡಿ.ವೈ. ಪಾಟೀಲ್ ಕ್ರೀಡಾಂಗಣ ಬಂತು. 2014ರ ಮೊದಲ ಇಂಡಿಯನ್ ಸೂಪರ್ ಲೀಗ್ ಫೈನಲ್, 2017ರ 17 ವರ್ಷದೊಳಗಿನವರ ವಿಶ್ವಕಪ್ಪಿನ ಸೆಮಿಫೈನಲ್, 2022ರಲ್ಲಿ ಏಷ್ಯಾ ಮಹಿಳಾ ಕಪ್ ಮತ್ತು 17 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ಗಳ ಫೈನಲ್ ಅಲ್ಲೇ ನಡೆದವು. ಅಂಥ ಅಂಕಣ ಬೆಂಗಳೂರಿನಲ್ಲಿಲ್ಲ. ಆದರೆ ಬೆಂಗಳೂರಿನ ಕೇರಿ, ಕಾರ್ಖಾನೆ, ಕ್ರೀಡಾಂಗಣಗಳು ಒಂದೇ ಬಸ್ಸಿನ ದೂರದಲ್ಲಿದ್ದವು. ನಾಲ್ಕು ಡಿವಿಷನ್ನಿನ ಲೀಗನ್ನು ಇಷ್ಟು ಕಾಲ ಉಳಿಸಿದ್ದರಲ್ಲಿ ಆ ಹತ್ತಿರದ ಪಾಲು ದೊಡ್ಡದು.

ಮಹಿಳೆಯರ ಲೀಗ್

ಮಹಿಳೆಯರಿಗೆ ಸಂಘಟಿತ ಲೀಗ್ ಸಿಕ್ಕಿದ್ದು ಬಹಳ ತಡವಾಗಿ. ಕರ್ನಾಟಕ ಮಹಿಳಾ ಲೀಗ್ 2019-20ರಲ್ಲಿ ಆರಂಭವಾಯಿತು, ಕಿಕ್‌ಸ್ಟಾರ್ಟ್ ಮೊದಲ ಪ್ರಶಸ್ತಿ ಗೆದ್ದಿತು. ಮಿಸಾಕಾ ಯುನೈಟೆಡ್, ಪರಿಕ್ರಮ, ಮಾತೃ ಪ್ರತಿಷ್ಠಾನ ಇತರ ತಂಡಗಳಲ್ಲಿ ಸೇರಿವೆ. 2023ರ ಮೇನಲ್ಲಿ ಅಹಮದಾಬಾದ್‌ನಲ್ಲಿ ನಡೆದ ಭಾರತೀಯ ಮಹಿಳಾ ಲೀಗಿನ ಫೈನಲ್‌ಗೆ ಕಿಕ್‌ಸ್ಟಾರ್ಟ್ ತಲುಪಿ, ಗೋಕುಲಂ ಕೇರಳ ಎದುರು 0-5ರಿಂದ ಸೋತಿತು. ಅಂತರ ದೊಡ್ಡದೇ. ಆದರೂ ಬೆಂಗಳೂರಿನ ಪುರುಷರ ಕ್ಲಬ್ಬೊಂದು ರಾಷ್ಟ್ರಮಟ್ಟದ ಕಪ್ಪಿನ ಫೈನಲ್ ಮುಟ್ಟಲು ಅವರ ಲೀಗಿಗೆ ಎಷ್ಟೋ ವರ್ಷ ಹಿಡಿದಿತ್ತು. ಹೆಂಗಸರ ತಂಡ ತನ್ನ ರಾಜ್ಯ ಲೀಗ್ ಹುಟ್ಟಿದ ನಾಲ್ಕನೇ ವರ್ಷಕ್ಕೆ ಅಲ್ಲಿತ್ತು. ಪಂದ್ಯಗಳು ನಡೆಯುವುದು ಅಶೋಕನಗರದ ಅದೇ ಕೃತಕ ಹುಲ್ಲಿನ ಮೇಲೆ. ಇಲಾಖೆಗಳ ಕ್ರೀಡಾ ಕೋಟಾ ಬತ್ತಿದ ಮೇಲೆ ಬಂದ ಲೀಗ್ ಆದ್ದರಿಂದ, ಹುಡುಗರಿಗೆ ಒಂದು ಕಾಲಕ್ಕೆ ಸಿಕ್ಕ ಕಾರ್ಖಾನೆಯ ನೌಕರಿ ಈ ಆಟಗಾರ್ತಿಯರ ಪಾಲಿಗೆ ಬಂದಿಲ್ಲ. ರೈಲ್ವೆ, ಪೊಲೀಸ್ ಮತ್ತು ಅರೆಸೇನಾ ಪಡೆಗಳ ನೇಮಕಾತಿಯೇ ಅವರಿಗೆ ಸದ್ಯ ಉಳಿದಿರುವ ಬಾಗಿಲು.